ಹಳೆ ನಾಣ್ಯ: ಆನ್‌ಲೈನ್ ಹರಾಜೋ, ಗೊತ್ತಿರುವ ವ್ಯಾಪಾರಿಯೋ?

ನಾನು ನಾಣ್ಯ ಸಂಗ್ರಹಿಸುತ್ತೇನೆ ಅಂತ ಗೊತ್ತಾದವರೆಲ್ಲ ಕೇಳುವ ಪ್ರಶ್ನೆ ಇದು. "ಹಳೆ ನಾಣ್ಯ ತಗೋಬೇಕು ಅಂತಿದೀನಿ. ಆನ್‌ಲೈನ್ ಹರಾಜಲ್ಲಿ ತಗೊಳ್ಳೋದಾ, ಇಲ್ಲ ಹೆಸರಿರೋ ವ್ಯಾಪಾರಿ ಹತ್ರ ಹೋಗೋದಾ?" ಶಿವಮೊಗ್ಗದವರೂ ಕೇಳುತ್ತಾರೆ, ಸಾಗರ, ತೀರ್ಥಹಳ್ಳಿ ಕಡೆಯವರೂ ಕೇಳುತ್ತಾರೆ. ಅಡಿಕೆ ಮಾರಿ ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿನಲ್ಲಿ ಸ್ವಲ್ಪ ಜಾಸ್ತಿಯೇ ಕೇಳುತ್ತಾರೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಶುರುವಿನ ಒಂದೆರಡು ವರ್ಷ ವ್ಯಾಪಾರಿಯ ಹತ್ತಿರವೇ ಕೊಳ್ಳಿ, ನಾಣ್ಯವನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳಿ. ಹೀಗೆ ಹಿಡಿದು ಪಳಗಿದ ಜಾತಿಯ ನಾಣ್ಯಕ್ಕೆ ಮಾತ್ರ ಆಮೇಲೆ ಹರಾಜಿಗೆ ಹೋಗಿ. ಯಾರು ಬೇಕಾದರೂ ಫೋಟೊ ಹಾಕಿ ಮಾರುವ ಜಾಲತಾಣಗಳು ಮತ್ತು ವಾಟ್ಸಾಪ್ ಗುಂಪುಗಳಿಂದ ದೂರ ಇರಿ.

ಹರಾಜನ್ನು ಕಂಡರೆ ಆಗದವನು ನಾನಲ್ಲ. ಮಲೆನಾಡಿನವರಿಗೆ ಹರಾಜು ಹೊಸದೂ ಅಲ್ಲ. ಶಿವಮೊಗ್ಗದ ಮಂಡಿಯಲ್ಲಿ ಅಡಿಕೆಗೆ ದರ ಹಾಕುವ ಮೊದಲು ವ್ಯಾಪಾರಿ ಏನು ಮಾಡುತ್ತಾನೆ? ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾನೆ. ರಾಶಿಯೋ, ಬೆಟ್ಟೆಯೋ, ಗೊರಬಲೋ ಅಂತ ಅಡಿಕೆಯ ಬಗೆ ನೋಡುತ್ತಾನೆ. ಒಂದೆರಡು ಒಡೆದು ಒಳಗಿನ ಬಣ್ಣ ನೋಡುತ್ತಾನೆ. ಬರೀ ಫೋಟೊ ನೋಡಿ ಯಾರೂ ದರ ಹಾಕುವುದಿಲ್ಲ. ಅಡಿಕೆಗೆ ಇಷ್ಟು ಎಚ್ಚರ ಇರುವ ನಾವು, ಮುನ್ನೂರು ವರ್ಷದ ನಾಣ್ಯಕ್ಕೆ ಮೊಬೈಲ್ ಪರದೆ ನೋಡಿ ದುಡ್ಡು ಕಟ್ಟುತ್ತೇವೆ.

ಫೋಟೊದಲ್ಲಿ ಏನು ಕಾಣುವುದಿಲ್ಲ? ನಮ್ಮ ಊರಿನ ನಾಣ್ಯವನ್ನೇ ತೆಗೆದುಕೊಳ್ಳಿ. ಕೆಳದಿ ಅರಸರ ಚಿನ್ನದ ವರಹವನ್ನು ಇಕ್ಕೇರಿ ವರಹ ಅಂತಲೂ ಕರೆಯುತ್ತಾರೆ. ತೂಕ ಸುಮಾರು 3.4 ಗ್ರಾಂ. ಮುಂಭಾಗದಲ್ಲಿ ಕೂತ ಶಿವ ಪಾರ್ವತಿ, ಹಿಂಭಾಗದಲ್ಲಿ ನಾಗರಿ ಲಿಪಿಯಲ್ಲಿ 'ಶ್ರೀ ಸದಾಶಿವ'. ಸದಾಶಿವ ನಾಯಕನ ನಂತರ ಬಂದವರೂ ಅದೇ ಹೆಸರನ್ನು ಮುಂದುವರಿಸಿದರು. 1763ರಲ್ಲಿ ಹೈದರಾಲಿ ಕೆಳದಿಯವರ ರಾಜಧಾನಿ ಬಿದನೂರನ್ನು, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರವನ್ನು, ಹಿಡಿದ. ಅವನು ಹೊಡೆಸಿದ ವರಹದ ಮೇಲೂ ಅದೇ ಶಿವ ಪಾರ್ವತಿ ಉಳಿದರು. ಹಿಂಭಾಗದಲ್ಲಿ ಮಾತ್ರ ಸಣ್ಣ ಸಣ್ಣ ಚುಕ್ಕೆಗಳ ನಡುವೆ ಅವನ ಹೆಸರಿನ ಮೊದಲ ಪರ್ಷಿಯನ್ ಅಕ್ಷರ ಬಂತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲೂ ಶಿವ ಪಾರ್ವತಿಯರೇ. ಇನ್ನೂ ಹಿಂದೆ ಹೋದರೆ ವಿಜಯನಗರದ ಕೆಲವು ವರಹಗಳಲ್ಲೂ ಅವರೇ. ಹಾಗಾಗಿ 'ಶಿವ ಪಾರ್ವತಿ ವರಹ, ಅಪರೂಪ' ಅಂತ ಬರೆದು ಮುಂಭಾಗದ ಚಿತ್ರ ಒಂದನ್ನೇ ಹಾಕಿದ್ದರೆ, ಅದು ಯಾವ ಅರಸರದ್ದು ಅಂತಲೇ ನಿಮಗೆ ತಿಳಿಯುವುದಿಲ್ಲ. ಬೆಲೆಯಲ್ಲಿ ಮಾತ್ರ ದೊಡ್ಡ ವ್ಯತ್ಯಾಸ ಇರುತ್ತದೆ.

ಇನ್ನೊಂದು ವಿಷಯ ಅಂಚಿನದ್ದು. ನಮ್ಮ ಕಡೆ ವರಹ, ಪವನುಗಳನ್ನು ಕಾಸಿನ ಸರಕ್ಕೆ ಪೋಣಿಸುವ ಪದ್ಧತಿ ಇತ್ತು. ಅಕ್ಕಸಾಲಿಗರು ಅಂಚಿಗೆ ಕೊಂಡಿ ಬೆಸೆಯುತ್ತಿದ್ದರು. ಸರ ಮುರಿಸಿದಾಗ ಕೊಂಡಿ ತೆಗೆದು, ಉಜ್ಜಿ, ಮಾರುತ್ತಾರೆ. ಅಂಚಿನಲ್ಲಿ ಬೆಸುಗೆಯ ಗುರುತು ಉಳಿದಿರುತ್ತದೆ. ಸಂಗ್ರಹಕಾರರ ಲೆಕ್ಕದಲ್ಲಿ ಅಂಥ ನಾಣ್ಯಕ್ಕೆ ಬೆಲೆ ಬಹಳ ಕಡಿಮೆ. ಎರಡು ಮುಖಗಳ ಫೋಟೊದಲ್ಲಿ ಅಂಚು ಎಲ್ಲಿ ಕಾಣುತ್ತದೆ? ಅಂಗಡಿಯಲ್ಲಾದರೆ ಬೆಳಕಿಗೆ ಹಿಡಿದು ಒಂದು ಸುತ್ತು ತಿರುಗಿಸಿದರೆ ಮುಗಿಯಿತು.

ಹಾಗೆಯೇ ತಿಕ್ಕಿದ ನಾಣ್ಯ. ಮಲೆನಾಡಿನ ಮಳೆಗೆ ತಾಮ್ರ ಕಿಲುಬು ಹಿಡಿಯುವುದು ಸಹಜ. ಮಾರುವ ಮೊದಲು ಹೊಳೆಯಲಿ ಅಂತ ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ. ನೂರಾರು ವರ್ಷದಲ್ಲಿ ಕೂತ ಕಂದು ಹೊದಿಕೆ ಒಂದು ನಿಮಿಷದಲ್ಲಿ ಹೋಗುತ್ತದೆ. ಅದರೊಂದಿಗೆ ನಾಣ್ಯದ ಬೆಲೆಯೂ ಹೋಗುತ್ತದೆ. ಫೋಟೊದಲ್ಲಿ ಅದು ಥಳಥಳ ಅಂತ ಚೆಂದವಾಗಿ ಕಾಣುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಗೀರು ಗೀರು. ದಯವಿಟ್ಟು ಯಾರೂ ಮನೆಯಲ್ಲಿರುವ ಹಳೆ ನಾಣ್ಯಕ್ಕೆ ಹುಣಸೆಹಣ್ಣು, ಪಾತ್ರೆ ಪುಡಿ ಮುಟ್ಟಿಸಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಬೇಸರ ಇಲ್ಲ. ಒಣ ಜಾಗದಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಪಿವಿಸಿ ಪ್ಲಾಸ್ಟಿಕ್ಕಿನ ಮೆತ್ತನೆ ಕವರ್ ಬೇಡ, ಅದರಿಂದಲೇ ಹಸಿರು ಅಂಟು ಬಿಡುತ್ತದೆ.

"ನಮ್ಮ ಬಂಗಾರದ ಅಂಗಡಿಯವರ ಹತ್ರ ತೋರಿಸ್ತೀನಿ, ಅವರು ಒರೆಗಲ್ಲಿಗೆ ಹಚ್ಚಿ ಹೇಳ್ತಾರೆ" ಅನ್ನುವವರು ತುಂಬ ಜನ. ಒರೆಗಲ್ಲು ಚಿನ್ನ ಹೌದೋ ಅಲ್ಲವೋ ಅಂತ ಹೇಳುತ್ತದೆ, ನಾಣ್ಯ ಅಸಲಿಯೋ ನಕಲಿಯೋ ಅಂತ ಹೇಳುವುದಿಲ್ಲ. ಸಂಗ್ರಹಕಾರರು ಕೊಡುವ ಬೆಲೆ ಚಿನ್ನದ ಬೆಲೆಗಿಂತ ಜಾಸ್ತಿ ಇದ್ದಾಗ, ನಿಜವಾದ ಚಿನ್ನದಲ್ಲೇ ನಕಲಿ ಹೊಡೆದರೂ ಲಾಭ ಸಿಗುತ್ತದೆ. ತೂಕ ಸರಿ ಬರುತ್ತದೆ, ಒರೆಯೂ ಸರಿ ಬರುತ್ತದೆ. ಅಕ್ಷರದ ಓಟ, ಮೂರ್ತಿಯ ಕೂರುವ ಭಂಗಿ, ಅಂಚಿನ ಸವೆತ ನೋಡಿ ಹೇಳಲು ಅಂಥ ನಾಣ್ಯಗಳನ್ನು ನೂರಾರು ನೋಡಿದ ಕಣ್ಣು ಬೇಕು. ಒಳ್ಳೆಯ ನಾಣ್ಯ ವ್ಯಾಪಾರಿಗೆ ನಾವು ಕೊಡುವ ಹೆಚ್ಚಿನ ದುಡ್ಡು ಆ ಕಣ್ಣಿಗೆ. ಅವರ ಲಾಭವನ್ನು ನೋಡಿ ಮುಖ ಸಿಂಡರಿಸುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ಒಳ್ಳೆಯ ವ್ಯಾಪಾರಿ ಅಂದರೆ ಯಾರು? ಬಿಲ್ ಕೊಡುವವರು. ಬಿಲ್ಲಿನಲ್ಲಿ 'ಹಳೆ ನಾಣ್ಯ 1' ಅಂತ ಬರೆಯದೆ ಅರಸರ ಹೆಸರು, ಲೋಹ, ತೂಕ ಬರೆಯುವವರು. ನಕಲಿ ಅಂತ ಆಮೇಲೆ ಗೊತ್ತಾದರೆ ವಾಪಸು ತಗೊಳ್ಳುತ್ತೇನೆ ಅಂತ ಬರೆದುಕೊಡುವವರು. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಯ ಅಡಿಯಲ್ಲಿ ಬರುತ್ತದೆ. ಅದನ್ನು ವ್ಯಾಪಾರವಾಗಿ ಮಾರಲು ಪರವಾನಗಿ ಬೇಕು. ಆ ಪರವಾನಗಿ ಇದೆಯಾ ಅಂತ ಕೇಳಲು ಸಂಕೋಚ ಬೇಡ. ಅದೇ ಕಾಯ್ದೆ ಪ್ರಕಾರ ಅಂಥ ನಾಣ್ಯವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಅಮೆರಿಕದಲ್ಲಿರುವ ಮಗನಿಗೆ ಪಾರ್ಸೆಲ್ ಮಾಡೋಣ ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಶಿವಮೊಗ್ಗದಲ್ಲಿ ಕೂತು ಅಂಥ ವ್ಯಾಪಾರಿಯನ್ನು ಎಲ್ಲಿ ಹುಡುಕುವುದು ಅನ್ನುವುದು ನ್ಯಾಯವಾದ ಪ್ರಶ್ನೆ. ಬೆಂಗಳೂರಿಗೆ ರೈಲು ಹತ್ತಿ. ಅಲ್ಲಿ ನಡೆಯುವ ನಾಣ್ಯ ಪ್ರದರ್ಶನಕ್ಕೆ ಹೋದರೆ ಹತ್ತಾರು ವ್ಯಾಪಾರಿಗಳು ಒಂದೇ ಸೂರಿನಡಿ ಸಿಗುತ್ತಾರೆ. ಮೊದಲ ದಿನ ಏನೂ ಕೊಳ್ಳದೆ ಸುಮ್ನೆ ಕೇಳಿ, ನೋಡಿ. ಹೋಗುವ ಮೊದಲು ಸಾಗರದ ಹತ್ತಿರದ ಕೆಳದಿಯ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಹೋಗಿ ಬನ್ನಿ. ಅಲ್ಲಿಯ ನಾಣ್ಯಗಳನ್ನು ನಿಂತು ನೋಡಿದವರಿಗೆ ಅಸಲಿ ಹೇಗಿರುತ್ತದೆ ಅನ್ನುವುದು ಕಣ್ಣಲ್ಲಿ ಕೂರುತ್ತದೆ.

ಈಗ ಹರಾಜಿನ ಮಾತು. ಹೆಸರು ಮಾಡಿದ ಹರಾಜು ಸಂಸ್ಥೆಗಳು ನಮ್ಮಲ್ಲಿವೆ. ಮುಂಬೈನ ತೋಡಿವಾಲಾ ಮತ್ತು ಓಸ್ವಾಲ್, ಅಹಮದಾಬಾದಿನ ಕ್ಲಾಸಿಕಲ್ ನ್ಯೂಮಿಸ್ಮ್ಯಾಟಿಕ್ ಗ್ಯಾಲರಿ, ನಮ್ಮ ಬೆಂಗಳೂರಿನ ಮರುಧರ್ ಆರ್ಟ್ಸ್ ಇಂಥವು. ಇವು ಕ್ಯಾಟಲಾಗ್ ಹೊರಡಿಸುತ್ತವೆ. ಎರಡೂ ಮುಖದ ಚಿತ್ರ, ತೂಕ, ಅಂದಾಜು ಬೆಲೆ ಕೊಡುತ್ತವೆ. ಅಂಗಡಿಗೆ ಬಾರದ ನಾಣ್ಯಗಳು, ಹಳೆಯ ದೊಡ್ಡ ಸಂಗ್ರಹಗಳಿಂದ ಹೊರಬಂದವು, ಹರಾಜಿನಲ್ಲೇ ಕಾಣಿಸುವುದು. ಒಂದು ನಾಣ್ಯ ಹಿಂದೆ ಎಷ್ಟಕ್ಕೆ ಹೋಯಿತು ಅಂತ ಹಳೆ ಹರಾಜುಗಳ ಫಲಿತಾಂಶದಲ್ಲಿ ಯಾರು ಬೇಕಾದರೂ ನೋಡಬಹುದು. ನನ್ನ ಮಟ್ಟಿಗೆ ಹರಾಜಿನ ದೊಡ್ಡ ಉಪಕಾರ ಇದೇ. ಒಂದೂ ಬಿಡ್ ಹಾಕದೆ ಆ ಬೆಲೆಗಳನ್ನು ಓದಿ, ಬರೆದಿಟ್ಟುಕೊಂಡು, ಆಮೇಲೆ ವ್ಯಾಪಾರಿಯ ಮುಂದೆ ಕೂತರೆ ಮಾತಿಗೆ ಬಲ ಬರುತ್ತದೆ.

ಬಿಡ್ ಹಾಕಲು ಹೊರಟವರು ಒಂದು ಲೆಕ್ಕ ತಿಳಿದಿರಬೇಕು. ಕೂಗಿದ ಬೆಲೆಯೇ ಕೊಡುವ ಬೆಲೆ ಅಲ್ಲ. ಅದರ ಮೇಲೆ ಹರಾಜು ಸಂಸ್ಥೆಯ ಕಮಿಷನ್ ಇದೆ, ಬಯರ್ಸ್ ಪ್ರೀಮಿಯಂ ಅಂತಾರೆ. ಎಷ್ಟು ಅಂತ ನಿಯಮದ ಪುಟದಲ್ಲಿ ಇರುತ್ತದೆ. ಅದರ ಮೇಲೆ ಜಿಎಸ್‌ಟಿ, ಆಮೇಲೆ ಕೊರಿಯರ್, ವಿಮೆ. ಕಮಿಷನ್ 15% ಅಂದುಕೊಳ್ಳಿ. 20,000 ರೂಪಾಯಿಗೆ ಗೆದ್ದರೆ ಅಲ್ಲೇ 23,000 ಆಯಿತು, ತೆರಿಗೆ ಇನ್ನೂ ಬಾಕಿ. ಒಟ್ಟು 20,000 ಮಾತ್ರ ಖರ್ಚು ಮಾಡುವ ಮನಸ್ಸಿದ್ದರೆ 16,000ದ ಆಸುಪಾಸಿನಲ್ಲೇ ಕೈ ನಿಲ್ಲಬೇಕು. ಆ ಸಂಖ್ಯೆಯನ್ನು ಮೊದಲೇ ಕಾಗದದಲ್ಲಿ ಬರೆದಿಡಿ. ಎದುರಿಗೆ ಯಾರೋ ಕಾಣದವರು ಏರಿಸುತ್ತಾ ಹೋಗುವಾಗ, 'ಇನ್ನೊಂದು ಐನೂರು' ಅನ್ನುವುದು ಸುಲಭ. ಹಾಗೆ ಐನೂರು ಐನೂರು ಅಂತ ಏರಿಸಿ, ಅಂಗಡಿಯಲ್ಲಿ ಕಡಿಮೆಗೆ ಸಿಗುವ ನಾಣ್ಯಕ್ಕೆ ಜಾಸ್ತಿ ಕೊಟ್ಟವರನ್ನು ನೋಡಿದ್ದೇನೆ.

ನಕಲಿ ಅಂತ ತಿಳಿದರೆ ಎಷ್ಟು ದಿನದೊಳಗೆ ವಾಪಸು ಕೊಡಬಹುದು, ಯಾರ ಅಭಿಪ್ರಾಯ ತರಬೇಕು ಅನ್ನುವುದನ್ನೂ ಅದೇ ನಿಯಮದ ಪುಟದಲ್ಲಿ ಓದಿ. ಹರಾಜಿಗೆ ಮೊದಲು ನಾಣ್ಯ ನೋಡಲು ಬಿಡುವ ದಿನ ಇದ್ದರೆ, ದುಬಾರಿ ನಾಣ್ಯಕ್ಕಾದರೂ ಹೋಗಿ ನೋಡಿ ಬನ್ನಿ. ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವ ಪಿಸಿಜಿಎಸ್, ಎನ್‌ಜಿಸಿ ಸಂಸ್ಥೆಗಳ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಬರುವ ನಾಣ್ಯಗಳೂ ಇವೆ. 1ರಿಂದ 70ರವರೆಗೆ ಅಂಕ ಕೊಟ್ಟು ಮುಚ್ಚಿರುತ್ತಾರೆ. ಪೆಟ್ಟಿಗೆಯ ಸಂಖ್ಯೆಯನ್ನು ಆ ಸಂಸ್ಥೆಯ ತಾಣದಲ್ಲೇ ಹಾಕಿ ನೋಡಿ, ಯಾಕೆಂದರೆ ಪೆಟ್ಟಿಗೆಗಳ ನಕಲಿಯೂ ಇದೆ.

ಬ್ರಿಟಿಷರ ಕಾಲದ ರೂಪಾಯಿ ಹುಡುಕುವವರಿಗೆ ಒಂದು ಮಾತು. 1939ರ ಆರನೇ ಜಾರ್ಜ್ ಬೆಳ್ಳಿ ರೂಪಾಯಿ ಬಹಳ ಅಪರೂಪ. 1938ರ ರೂಪಾಯಿಯ 8ನ್ನು ಕೆತ್ತಿ 9 ಮಾಡಿ ಮಾರುತ್ತಾರೆ. ತೂಕ, ಬೆಳ್ಳಿ ಎಲ್ಲ ಸರಿಯಾಗಿಯೇ ಇರುತ್ತದೆ, ನಾಣ್ಯವೂ ಅಸಲಿಯೇ, ಒಂದು ಅಂಕೆ ಮಾತ್ರ ಸುಳ್ಳು. ಇದನ್ನು ಆನ್‌ಲೈನ್ ಫೋಟೊ ನೋಡಿ ಕೊಳ್ಳಲೇಬಾರದು. ಇನ್ನು ರಾಮ ದರ್ಬಾರು, ಹನುಮಂತನ ಚಿತ್ರ ಇದ್ದು 'ಈಸ್ಟ್ ಇಂಡಿಯಾ ಕಂಪನಿ 1818' ಅಂತ ಬರೆದ ತಾಮ್ರದ ಬಿಲ್ಲೆಗಳು. ಲಕ್ಷಗಟ್ಟಲೆ ಬೆಲೆ ಅಂತ ಸುದ್ದಿ ಹಬ್ಬಿಸಿದ್ದಾರೆ. ಕಂಪನಿ ಅಂಥ ನಾಣ್ಯ ಹೊಡೆಸಿಯೇ ಇಲ್ಲ. ದೇವರ ಮನೆಯಲ್ಲಿ ಇಡುವುದಾದರೆ ಇಡಿ, ಸಂಗ್ರಹಕ್ಕೆ ಅಂತ ದುಡ್ಡು ಕೊಡಬೇಡಿ.

ನನಗೆ ತುಂಬ ನೋವು ತರುವ ವಿಷಯ ಬೇರೆ ಇದೆ. ಶಿವಮೊಗ್ಗ, ದಾವಣಗೆರೆ ಕಡೆಯ ಪತ್ರಿಕೆಗಳಲ್ಲಿ ವರ್ಷವೂ ಬರುವ ಸುದ್ದಿ. "ಮನೆ ಪಾಯ ತೆಗೆಯುವಾಗ ಚಿನ್ನದ ನಾಣ್ಯ ಸಿಕ್ಕಿದೆ, ಕಡಿಮೆ ಬೆಲೆಗೆ ಕೊಡ್ತೀವಿ" ಅಂತ ಫೋನ್ ಬರುತ್ತದೆ. ಮೊದಲು ಒಂದೆರಡು ಅಸಲಿ ನಾಣ್ಯ ಕೊಟ್ಟು ಪರೀಕ್ಷೆ ಮಾಡಿಸಿಕೊಳ್ಳಿ ಅನ್ನುತ್ತಾರೆ. ನಂಬಿಕೆ ಬಂದ ಮೇಲೆ ಲಕ್ಷಗಟ್ಟಲೆ ದುಡ್ಡು ತರಿಸಿಕೊಂಡು ಹಿತ್ತಾಳೆ ತುಂಬಿದ ಚೀಲ ಕೊಡುತ್ತಾರೆ. ಒಂದು ವೇಳೆ ನಿಜವಾಗಿಯೂ ನೆಲದಲ್ಲಿ ಸಿಕ್ಕಿದ್ದರೂ ಅದನ್ನು ಕೊಳ್ಳುವಂತಿಲ್ಲ. ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು ಅನ್ನುವುದು ಕಾನೂನು. ಮಲೆನಾಡಿನ ಪಾಳು ದೇವಸ್ಥಾನಗಳ ಗರ್ಭಗುಡಿ ಅಗೆದು, ಲಿಂಗ ಕಿತ್ತು ಹಾಕಿರುವುದನ್ನು ನೋಡಿದವರಿಗೆ ಕೊಳ್ಳುವವರು ಇರುವುದರಿಂದಲೇ ಅಗೆಯುವವರೂ ಇದ್ದಾರೆ ಅಂತ ಅರ್ಥವಾಗುತ್ತದೆ. ಎಲ್ಲಿಂದ ಬಂತು ಅಂತ ಹೇಳದ ನಾಣ್ಯವನ್ನು ಹರಾಜಿನಲ್ಲಾಗಲಿ, ಅಂಗಡಿಯಲ್ಲಾಗಲಿ, ಎಷ್ಟೇ ಅಗ್ಗವಾದರೂ ನಾನು ಮುಟ್ಟುವುದಿಲ್ಲ.

ಹಾಗೆಯೇ ನಿಮ್ಮ ಹಳೆ ನಾಣ್ಯ ಕೊಳ್ಳುತ್ತೇವೆ, ಮೊದಲು ಇಷ್ಟು ಶುಲ್ಕ ಕಟ್ಟಿ ಅಂತ ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಬರುವ ಕರೆಗಳು. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಇಂಥ ಶುಲ್ಕ ಕೇಳುವುದಿಲ್ಲ ಅಂತ 2021ರಲ್ಲಿ ರಿಸರ್ವ್ ಬ್ಯಾಂಕೇ ಪ್ರಕಟಣೆ ಹೊರಡಿಸಿದೆ. ಫೋನ್ ಇಟ್ಟುಬಿಡಿ.

ಇಷ್ಟೆಲ್ಲ ಕೇಳಿದ ಮೇಲೆ "ಹಾಗಾದ್ರೆ ಮೊದಲು ಯಾವ ನಾಣ್ಯ ತಗೊಳ್ಳಲಿ?" ಅಂತ ಕೇಳುತ್ತಾರೆ. ಚಿನ್ನ ಬೇಡ, ತಾಮ್ರದಿಂದ ಶುರು ಮಾಡಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, 20 ಕಾಸಿನ ತಾಮ್ರದ ನಾಣ್ಯ ಇದೆ. 1843ರಲ್ಲಿ ಬೆಂಗಳೂರಿನ ಟಂಕಸಾಲೆ ಮುಚ್ಚುವುದಕ್ಕೆ ಮುಂಚಿನದು. ಅದರ ಮೇಲೆ 'ಮೈಲಿ ಕಾಸು 20' ಅಂತ ಕನ್ನಡದಲ್ಲೇ ಬರೆದಿದೆ. ಯಾರ ಸಹಾಯವೂ ಇಲ್ಲದೆ ನೀವೇ ಓದಬಹುದು. ಜೊತೆಗೆ ಟಿಪ್ಪುವಿನ ಆನೆ ಚಿತ್ರದ ತಾಮ್ರದ ಪೈಸೆ, ಸಿಕ್ಕರೆ ನಮ್ಮ ಬಿದನೂರು ನಗರದ ಟಂಕಸಾಲೆಯದು. ಎರಡೂ ಬೇಕಾದಷ್ಟು ಸಿಗುತ್ತವೆ, ಚಿನ್ನದ ಮುಂದೆ ಅಗ್ಗ. ವ್ಯಾಪಾರಿಯ ಹತ್ತಿರ ಒಂದೇ ಜಾತಿಯ ಐದಾರು ನಾಣ್ಯ ತೆಗೆಸಿ, ಪಕ್ಕ ಪಕ್ಕ ಇಟ್ಟು, ಯಾವುದರ ಅಕ್ಷರ ಪೂರ್ತಿ ಉಳಿದಿದೆ ಅಂತ ನೋಡಿ. ತಿಕ್ಕಿ ಹೊಳಪು ತಂದದ್ದನ್ನು ಬಿಟ್ಟು ಕಂದು ಬಣ್ಣದ್ದನ್ನೇ ಆರಿಸಿ. ತೂಕ ಹಾಕಿಸಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ.