ಗಾಯಕಿಯ ತಾಳ ತಪ್ಪಿರಲಿಲ್ಲ

ಮನೆಯ ಒಂದು ಕೋಣೆಯನ್ನೇ ಸ್ಟುಡಿಯೊ ಮಾಡಿಕೊಂಡು ಹಾಡು, ಧ್ವನಿಪುಸ್ತಕ, ಜಾಹೀರಾತಿನ ದನಿ ಮುದ್ರಿಸಿಕೊಡುವುದು ನನ್ನ ಹೊಟ್ಟೆಪಾಡು. ಕೆಲಸ ಶುರುಮಾಡುವ ಮುಂಚೆ ಆರು ತಿಂಗಳು ಧ್ವನಿಮುದ್ರಣದ ತಂತ್ರಾಂಶ ಕಲಿತಿದ್ದೆ. ಕಲಿತೆ ಎಂದರೆ, ರಾತ್ರಿಯೆಲ್ಲ ವಿಡಿಯೊ ಪಾಠ ನೋಡಿದೆ, ದನಿಯನ್ನು ತಿದ್ದಲು ತಂತ್ರಾಂಶಕ್ಕೆ ಸೇರಿಸುವ, ಉಚಿತವಾಗಿ ಸಿಕ್ಕ ಪ್ಲಗಿನ್‌ಗಳನ್ನೆಲ್ಲ ಇಳಿಸಿಕೊಂಡೆ, ಯಾರೋ ಹಾಡಿಟ್ಟಿದ್ದ ಟ್ರ್ಯಾಕ್‌ಗಳನ್ನು ತಂದು ಮಿಕ್ಸಿಂಗ್ ಮಾಡಿದೆ. ಯಾವ ಮೆನುವಿನಲ್ಲಿ ಏನಿದೆ ಎಂದು ನಿದ್ದೆಗಣ್ಣಿನಲ್ಲೂ ಹೇಳಬಲ್ಲವನಾಗಿದ್ದೆ. ಆ ಆರು ತಿಂಗಳಲ್ಲಿ ನನ್ನ ಮೈಕಿನ ಮುಂದೆ ಇನ್ನೊಬ್ಬ ಮನುಷ್ಯ ನಿಂತದ್ದು ಒಮ್ಮೆಯೂ ಇಲ್ಲ.

ಹಣ ಕೊಟ್ಟು ಮುದ್ರಿಸಿಕೊಳ್ಳಲು ಮೊದಲು ಬಂದವರು ನನಗಿಂತ ಬಹಳ ಹಿರಿಯ ಗಾಯಕಿ. ವಾದ್ಯಗಳ ಟ್ರ್ಯಾಕ್ ಸಿದ್ಧವಿತ್ತು, ಅವರು ಅದರ ಮೇಲೆ ಹಾಡಬೇಕಿತ್ತು, ಅಷ್ಟೇ. ಮೊದಲ ಟೇಕ್‌ನಲ್ಲೇ ಚರಣ ತುಸು ಎಳೆದಂತೆ ಕೇಳಿಸಿತು. ಎರಡನೆಯದರಲ್ಲಿ ಇನ್ನೂ ಎಳೆಯಿತು. “ಮೇಡಂ, ತಾಳ ಸ್ವಲ್ಪ ಹಿಂದೆ ಬೀಳುತ್ತಿದೆ” ಎಂದೆ. ಅವರು ಏನೂ ಹೇಳದೆ ಮತ್ತೆ ಹಾಡಿದರು. ಮೂರನೆಯ ಬಾರಿಯೂ ಅದೇ ಮಾತು ಹೇಳಿದೆ. ತಾಳ ತೋರಿಸುವ ಕ್ಲಿಕ್ಕಿನ ಸದ್ದು ಜೋರು ಮಾಡಿಕೊಟ್ಟೆ. ಐದನೆಯ ಟೇಕ್ ಹೊತ್ತಿಗೆ ಅವರ ಮುಖ ಕೆಂಪಾಗಿತ್ತು, ನನ್ನ ತಲೆಯಲ್ಲಿ “ವಯಸ್ಸಾಯಿತೇನೋ” ಎಂಬ ಕೆಟ್ಟ ಯೋಚನೆ ಓಡುತ್ತಿತ್ತು. ಆರನೆಯ ಬಾರಿ ಅವರು ಹೆಡ್‌ಫೋನಿನ ಒಂದು ಬಟ್ಟಲನ್ನು ಕಿವಿಯಿಂದ ಹಿಂದಕ್ಕೆ ಸರಿಸಿಕೊಂಡು ಹಾಡಿದರು. ಕೂದಲೆಳೆಯಷ್ಟೂ ತಪ್ಪಲಿಲ್ಲ.

“ನೋಡಪ್ಪಾ, ನಾನು ಹಾಡಿದ ಮೇಲೆ ನನ್ನ ದನಿ ಬರುತ್ತಿದೆ. ಇಷ್ಟು ಹೊತ್ತೂ ಅದಕ್ಕಾಗಿ ಕಾಯುತ್ತಿದ್ದೆ” ಎಂದರು.

ಪರದೆಯ ಸೆಟ್ಟಿಂಗ್ ತೆರೆದು ನೋಡಿದೆ. ಬಫರ್ 1024 ಎಂದಿತ್ತು. ಹಿಂದಿನ ರಾತ್ರಿ ಬೇರೊಂದು ಹಾಡಿನ ಮಿಕ್ಸಿಂಗ್‌ಗೆ ಪ್ಲಗಿನ್‌ಗಳ ರಾಶಿ ಹೇರಿದ್ದೆ. ಕಂಪ್ಯೂಟರ್ ಚಟಪಟ ಎಂದಾಗ ಬಫರ್ ಏರಿಸಿ ಮಲಗಿದ್ದೆ, ಬೆಳಿಗ್ಗೆ ಇಳಿಸಲು ಮರೆತಿದ್ದೆ.

ಬಫರ್ ಎಂದರೆ ಕಂಪ್ಯೂಟರ್ ದನಿಯನ್ನು ಕೈಗೆತ್ತಿಕೊಳ್ಳುವ ಮೊರ ಎಂದುಕೊಳ್ಳಿ. ಮೊರ ತುಂಬಿದ ಮೇಲೆಯೇ ಅದು ಕೇರಲು ಶುರುಮಾಡುವುದು. ಸೆಕೆಂಡಿಗೆ 44,100 ಸ್ಯಾಂಪಲ್, ಅಂದರೆ ದನಿಯ ಅಳತೆಗಳು, ಬರುತ್ತಿರುವಾಗ 1024 ತುಂಬಲು ಸುಮಾರು 23 ಮಿಲಿಸೆಕೆಂಡ್ ಬೇಕು. ಒಳಗೆ ಹೋಗುವಾಗ ಒಮ್ಮೆ, ಹೆಡ್‌ಫೋನಿಗೆ ಹೊರಬರುವಾಗ ಇನ್ನೊಮ್ಮೆ, ಒಟ್ಟು 46. ಇಂಟರ್‌ಫೇಸ್ (ಮೈಕು, ಹೆಡ್‌ಫೋನನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ತನ್ನ ಪಾಲಿನದನ್ನೂ ತುಸು ಸೇರಿಸುತ್ತದೆ. ಶಬ್ದ ಗಾಳಿಯಲ್ಲಿ ಒಂದು ಮೀಟರ್ ಸಾಗಲು ಹೆಚ್ಚುಕಡಿಮೆ 3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಅಂದರೆ ಆ ಗಾಯಕಿಯ ದನಿ ಹದಿನೈದು ಮೀಟರ್ ಆಚೆಯಿಂದ ನಡೆದುಬಂದಂತೆ ಅವರ ಕಿವಿಗೆ ಬೀಳುತ್ತಿತ್ತು. ಯಾರ ಹಾಡಾದರೂ ಎಳೆಯದೆ ಇರುತ್ತದೆಯೇ? ಬಫರನ್ನು 128ಕ್ಕೆ ಇಳಿಸಿದೆ. ಏಳನೆಯ ಟೇಕ್ ಅನ್ನೇ ಹಾಡಿಗೆ ಬಳಸಿದೆವು.

ಇದನ್ನು ನಾನು ಓದಿರಲಿಲ್ಲವೆಂದಲ್ಲ. ದನಿ ಹೀಗೆ ತಡವಾಗುವುದಕ್ಕೆ ಲೇಟೆನ್ಸಿ ಎನ್ನುತ್ತಾರೆ, ಅದರ ವ್ಯಾಖ್ಯೆ ಬಾಯಿಪಾಠವಿತ್ತು. ಆದರೆ ಪಾಠದಲ್ಲಿ ಅದು ಒಂದು ಅಂಕಿಯಾಗಿತ್ತು, ಕೋಣೆಯಲ್ಲಿ ಅದು ತಾಳ ತಪ್ಪಿದ ಹಾಡಿನ ವೇಷ ಹಾಕಿಕೊಂಡು ಬಂದಿತ್ತು. ಅದಲ್ಲದೆ ಮುದ್ರಣವಾದ ಟ್ರ್ಯಾಕನ್ನು ನೋಡಿದರೂ ದೋಷ ಕಾಣುವುದಿಲ್ಲ, ಏಕೆಂದರೆ ಬಹುತೇಕ ತಂತ್ರಾಂಶಗಳು ವಿಳಂಬದ ಲೆಕ್ಕ ಹಾಕಿ ಟ್ರ್ಯಾಕನ್ನು ಅಷ್ಟು ಹಿಂದಕ್ಕೆ ಸರಿಸಿ ಇಡುತ್ತವೆ. ತಂತ್ರಾಂಶದ ತಪ್ಪು ಅಳಿಸಿಹೋಗಿ ಹಾಡುವವರ ತಪ್ಪು ಮಾತ್ರ ಪರದೆಯ ಮೇಲೆ ಉಳಿಯುತ್ತದೆ.

ಈಗ ಹಾಡಿಸುವಾಗ ನಾನು ಬಫರನ್ನೂ ನಂಬುವುದಿಲ್ಲ. ಇಂಟರ್‌ಫೇಸಿನಲ್ಲೇ ಡೈರೆಕ್ಟ್ ಮಾನಿಟರಿಂಗ್ ಎಂಬ ಗುಂಡಿ ಇರುತ್ತದೆ. ಮೈಕಿನ ದನಿ ಕಂಪ್ಯೂಟರಿಗೆ ಹೋಗಿ ಸುತ್ತಿಬರದೆ ನೇರವಾಗಿ ಹೆಡ್‌ಫೋನಿಗೆ ಹೋಗುತ್ತದೆ. ಇದಕ್ಕೊಂದು ಕೊರತೆಯಿದೆ. ಹಾಗೆ ಕೇಳಿಸುವ ದನಿ ಬರಿದು, ಒಣಒಣ. ರಿವರ್ಬ್, ಅಂದರೆ ಸಭಾಂಗಣದಲ್ಲಿ ಕೇಳಿಸುವಂಥ ಗುಂಗು, ಇಲ್ಲದೆ ಹಾಡಲು ಅನೇಕರಿಗೆ ಮನಸ್ಸೇ ಬರುವುದಿಲ್ಲ. ಅದಕ್ಕೆ ಉಪಾಯವೆಂದರೆ, ತಂತ್ರಾಂಶದಲ್ಲಿ ಮೂಲದನಿಯನ್ನು ಮುಚ್ಚಿ, ರಿವರ್ಬಿನ ಗುಂಗನ್ನು ಮಾತ್ರ ಹೆಡ್‌ಫೋನಿಗೆ ಕಳಿಸುವುದು. ಗುಂಗು 20 ಮಿಲಿಸೆಕೆಂಡ್ ತಡವಾಗಿ ಬಂದರೂ ಯಾರಿಗೂ ಅಡ್ಡಿಯಿಲ್ಲ. ದೊಡ್ಡ ಸಭಾಂಗಣದಲ್ಲಿ ಅದು ತಡವಾಗಿಯೇ ಬರುವುದು. ಈ ಒಂದು ಜೋಡಣೆಯನ್ನು ಟೆಂಪ್ಲೇಟ್ ಮಾಡಿ ಉಳಿಸಿಕೊಂಡಿದ್ದೇನೆ. ನಾನು ಕಲಿತ ನೂರಾರು ಸಂಗತಿಗಳಲ್ಲಿ ದಿನವೂ ಅನ್ನ ಹಾಕುತ್ತಿರುವುದು ಇದೇ.

ಹೊಸಬರು ನನ್ನನ್ನು ಮೊದಲು ಕೇಳುವುದು ಯಾವ ತಂತ್ರಾಂಶ ಒಳ್ಳೆಯದು ಎಂದು. ರೀಪರ್, ಕ್ಯೂಬೇಸ್, ಪ್ರೊ ಟೂಲ್ಸ್, ಏಬಲ್ಟನ್ ಲೈವ್, ಮ್ಯಾಕ್ ಇದ್ದವರಿಗೆ ಲಾಜಿಕ್, ಯಾವುದನ್ನು ಹಿಡಿದರೂ ಕತ್ತರಿಸುವುದು, ಫೇಡ್ ಮಾಡುವುದು, ನಾಲ್ಕು ಟೇಕ್‌ಗಳಿಂದ ಒಳ್ಳೆಯ ಸಾಲುಗಳನ್ನು ಆರಿಸಿ ಒಂದು ಮಾಡುವುದು ಒಂದೇ ಕೆಲಸ. ಒಂದನ್ನು ಹಿಡಿದು ಬಿಡದಿರುವುದು ಮುಖ್ಯ. ನಾನು ಮೂರು ಬಾರಿ ಬದಲಿಸಿದೆ, ಮೂರು ಬಾರಿಯೂ ಶಾರ್ಟ್‌ಕಟ್ ಕೀಲಿಗಳನ್ನು ಬೆರಳುಗಳಿಗೆ ಹೊಸದಾಗಿ ಕಲಿಸಬೇಕಾಯಿತು.

ಪ್ಲಗಿನ್‌ಗಳ ವಿಷಯದಲ್ಲಿ ನನ್ನ ಮೂರ್ಖತನ ಬೇರೆಯ ತೆರನದು. ದನಿಯ ಏರಿಳಿತ ತಗ್ಗಿಸುವ ಕಂಪ್ರೆಸರ್ ಹಾಕಿ ಅದರಲ್ಲೇ ಸಿದ್ಧವಾಗಿದ್ದ ಗಾಯನದ ಹೊಂದಿಕೆ (ಪ್ರಿಸೆಟ್) ಒತ್ತಿದರೆ ದನಿ ಥಟ್ಟನೆ ಹೊಳೆಯುತ್ತಿತ್ತು. ಇನ್ನೊಂದು ಹಾಕಿದರೆ ಇನ್ನಷ್ಟು. ಒಂದು ದನಿಯ ಮೇಲೆ ಹನ್ನೊಂದು ಪ್ಲಗಿನ್ ಕುಳಿತಿದ್ದ ದಿನವೂ ಉಂಟು. ಒಮ್ಮೆ ಸುಮ್ಮನೆ ಕುತೂಹಲಕ್ಕೆ, ಪ್ಲಗಿನ್ ಹಾಕುವ ಮುಂಚಿನ ಮಟ್ಟಕ್ಕೆ ಹಾಕಿದ ನಂತರದ ಮಟ್ಟವನ್ನು ಸರಿಸಮ ಮಾಡಿ, ಕಣ್ಣುಮುಚ್ಚಿ ಆನ್ ಆಫ್ ಮಾಡುತ್ತಾ ಕೇಳಿದೆ. ಹನ್ನೊಂದರಲ್ಲಿ ಎಂಟು ಏನನ್ನೂ ಉತ್ತಮ ಮಾಡಿರಲಿಲ್ಲ. ಮೂರು ಡೆಸಿಬೆಲ್ ಜೋರು ಮಾಡಿದ್ದವು, ಅಷ್ಟೇ. ಕಿವಿಗೆ ಜೋರಾಗಿ ಕೇಳುವುದೆಲ್ಲ ಚೆನ್ನಾಗಿಯೇ ಕೇಳುತ್ತದೆ. ಆ ಎಂಟನ್ನು ತೆಗೆದುಹಾಕುವಾಗ, ಅವುಗಳ ಪಾಠಗಳಿಗೆ ಸುರಿದ ರಾತ್ರಿಗಳನ್ನು ನೆನೆದು ಹೊಟ್ಟೆ ಉರಿಯಿತು.

ಮುದ್ರಣದ ಮಟ್ಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪ್ರತಿ ಸ್ಯಾಂಪಲನ್ನು 16 ಬಿಟ್‌ನಲ್ಲಿ ಬರೆದರೆ ಅತಿ ಮೆಲ್ಲನೆಯ ಸದ್ದಿನಿಂದ ಅತಿ ಜೋರಿನ ಸದ್ದಿನವರೆಗೆ ಸುಮಾರು 96 ಡೆಸಿಬೆಲ್ ಹಿಡಿಸುತ್ತದೆ, 24 ಬಿಟ್‌ನಲ್ಲಿ ಲೆಕ್ಕದ ಮಟ್ಟಿಗೆ 144. ಇಷ್ಟು ಜಾಗವಿರುವಾಗ ಮೀಟರನ್ನು ಕೆಂಪಿನ ತನಕ ತುಂಬಿಸುವ ಹಟ ಬೇಡ. ಅತಿ ಜೋರಿನ ಸ್ವರವೂ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲುವಂತೆ ಗೇನ್, ಅಂದರೆ ಮೈಕಿನ ದನಿಯನ್ನು ಏರಿಸುವ ಪ್ರಮಾಣ, ಇಡುತ್ತೇನೆ. ಮೀಟರಿನ ಮೇಲ್ಮಿತಿಯಾದ ಸೊನ್ನೆ ದಾಟಿ ಕ್ಲಿಪ್ ಆದ, ಅಂದರೆ ತುದಿ ಕತ್ತರಿಸಿಹೋದ ಸ್ವರವನ್ನು ಪೂರ್ತಿ ಮೊದಲಿನಂತೆ ಮಾಡುವ ಪ್ಲಗಿನ್ ನಾನಂತೂ ಕಂಡಿಲ್ಲ.

ನಾಚಿಕೆಯ ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ. ಮಿಕ್ಸಿಂಗ್ ಮಾಡುವವರೊಬ್ಬರಿಗೆ ಒಂದು ಹಾಡನ್ನು ಕಳಿಸಬೇಕಿತ್ತು. ಪ್ರಾಜೆಕ್ಟ್ ಫೈಲನ್ನು ಮಿಂಚಂಚೆಗೆ ಲಗತ್ತಿಸಿ, ಎಷ್ಟು ಬೇಗ ಹೋಯಿತಲ್ಲ ಎಂದು ಹಿಗ್ಗಿದೆ. ಅರ್ಧ ಗಂಟೆಯಲ್ಲಿ ಅವರ ಉತ್ತರ ಬಂತು: “ಹಾಡು ಎಲ್ಲಿ?” ನಾನು ಕಳಿಸಿದ್ದು 200 ಕೆಬಿ. 48 ಕಿಲೊಹರ್ಟ್ಸ್, 24 ಬಿಟ್‌ನಲ್ಲಿ ಮುದ್ರಿಸಿದ ಮೊನೊ ದನಿ ನಿಮಿಷಕ್ಕೆ ಸುಮಾರು 8.6 ಎಂಬಿ ಜಾಗ ತಿನ್ನುತ್ತದೆ. ನಾನು ಕಳಿಸಿದ ಫೈಲು ಎರಡು ಸೆಕೆಂಡಿನ ಹಾಡಿಗೂ ಸಾಲದು. ಪ್ರಾಜೆಕ್ಟ್ ಫೈಲಿನಲ್ಲಿ ಇರುವುದು ಅಡುಗೆಯ ವಿಧಾನ ಮಾತ್ರ: ಯಾವ ಧ್ವನಿಫೈಲು, ಎಷ್ಟನೆಯ ಸೆಕೆಂಡಿನಿಂದ, ಯಾವ ಪ್ಲಗಿನ್ ಜೊತೆಗೆ. ಸಾಮಾನೆಲ್ಲ ಬೇರೊಂದು ಫೋಲ್ಡರಿನಲ್ಲಿ ನನ್ನ ಬಳಿಯೇ ಉಳಿದಿತ್ತು. ಈಗ ಬೇರೆಯವರಿಗೆ ಕೊಡುವಾಗ ಪ್ರತಿ ಟ್ರ್ಯಾಕನ್ನೂ ಸೊನ್ನೆ ಸೆಕೆಂಡಿನಿಂದಲೇ ಶುರುವಾಗುವಂತೆ ವೇವ್ ಫೈಲಾಗಿ ತೆಗೆಯುತ್ತೇನೆ. ಹಾಗೆ ಮಾಡಿದರೆ ಅವರು ಯಾವ ತಂತ್ರಾಂಶದಲ್ಲಿ ತೆರೆದರೂ ಎಲ್ಲವನ್ನೂ ಎಡತುದಿಗೆ ಸೇರಿಸಿಟ್ಟರೆ ಹಾಡು ಹೊಂದಿಕೊಳ್ಳುತ್ತದೆ. ಸ್ಯಾಂಪಲ್ ರೇಟನ್ನು, ಅಂದರೆ ಸೆಕೆಂಡಿಗೆ ಎಷ್ಟು ಸಾವಿರ ಸ್ಯಾಂಪಲ್ ಎಂಬುದನ್ನು, ಫೋಲ್ಡರಿನ ಹೆಸರಿನಲ್ಲೇ ಬರೆಯುತ್ತೇನೆ. 44.1ರ ಫೈಲನ್ನು ಬದಲಾಯಿಸದೆ 48ರಲ್ಲಿ ಓಡಿಸಿದರೆ ಹಾಡಿನ ವೇಗ ಹೆಚ್ಚುವುದಲ್ಲದೆ, ಶ್ರುತಿಯೂ ಸುಮಾರು ಒಂದೂವರೆ ಅರ್ಧಸ್ವರದಷ್ಟು ಮೇಲೇರುತ್ತದೆ. ಒಂದು ಅರ್ಧಸ್ವರವೂ ಅಲ್ಲ, ಎರಡೂ ಅಲ್ಲ. ಹಾರ್ಮೋನಿಯಂನಲ್ಲಿ ಹುಡುಕಿದರೆ ಆ ಮನೆಯೇ ಸಿಗುವುದಿಲ್ಲ.

ಈಗ ಯಾರಾದರೂ ಹಾಡಲು ಬರುವ ಮುಂಚೆ ನಾನೇ ಹೆಡ್‌ಫೋನ್ ಹಾಕಿಕೊಂಡು ಮೈಕಿನ ಮುಂದೆ ನಿಂತು, ಕ್ಲಿಕ್ಕಿನ ಜೊತೆ ಚಪ್ಪಾಳೆ ತಟ್ಟುತ್ತಾ ಒಂದು ಸಾಲು ಹಾಡುತ್ತೇನೆ. ನನ್ನ ಶಾರೀರ ಕೇಳುವಂಥದ್ದಲ್ಲ. ಆದ್ದರಿಂದ ಬಾಗಿಲು ಹಾಕಿಕೊಂಡಿರುತ್ತೇನೆ. ಟೇಕ್ ಕೆಟ್ಟಾಗ ಹಾಡುವವರಿಗೆ ಏನಾದರೂ ಹೇಳುವ ಮುಂಚೆ “ಕಿವಿಗೆ ಹೇಗೆ ಕೇಳಿಸುತ್ತಿದೆ?” ಎಂದು ಒಮ್ಮೆ ಕೇಳುತ್ತೇನೆ.

ಆ ಗಾಯಕಿ ಈಗಲೂ ಬರುತ್ತಾರೆ. ಬಂದವರೇ ಹೆಡ್‌ಫೋನನ್ನು ಒಂದು ಕಿವಿಗಷ್ಟೇ ಒತ್ತಿಹಿಡಿದು “ಸ” ಹಿಡಿಯುತ್ತಾರೆ. ಅವರು ತಲೆಯಾಡಿಸಿ ಇನ್ನೊಂದು ಕಿವಿಯನ್ನೂ ಮುಚ್ಚಿಕೊಳ್ಳುವವರೆಗೆ ನಾನು ರೆಕಾರ್ಡ್ ಗುಂಡಿ ಮುಟ್ಟುವುದಿಲ್ಲ.