ಅಂಗಳದಲ್ಲಿ ನೆಟ್ಟ ಚುನಾವಣಾ ಫಲಕ

ಅಕ್ಟೋಬರ್ ಬಂತೆಂದರೆ ನ್ಯೂಜೆರ್ಸಿಯ ಈ ಬೀದಿಯಲ್ಲಿ ಕುಂಬಳಕಾಯಿಗಳ ಪಕ್ಕದಲ್ಲೇ ಚುನಾವಣಾ ಫಲಕಗಳೂ ಏಳುತ್ತವೆ. ಮಗಳ ಮನೆಗೆ ಬಂದಿರುವ ಶಿವಮೊಗ್ಗ ಕಡೆಯ ನಿವೃತ್ತ ಹೈಸ್ಕೂಲ್ ಟೀಚರೊಬ್ಬರು ಮೊನ್ನೆ ಬೆಳಗಿನ ವಾಕಿಂಗ್‌ನಲ್ಲಿ ಅಂಥದೊಂದು ಫಲಕದ ಮುಂದೆ ನಿಂತುಬಿಟ್ಟರು. ಆ ಮನೆಯವರು ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತದ, ರಸ್ತೆ ವಿಭಾಗದ ನೌಕರರೆಂದು ಅವರಿಗೆ ಗೊತ್ತಿತ್ತು. "ಪಾಪ, ಇವರ ಮನೆ ಮುಂದೆ ಇದನ್ನ ಯಾರು ತಂದು ನೆಟ್ಟರು? ನೋಟಿಸ್ ಬರಲ್ವಾ?" ಅವರೇ ನೆಟ್ಟುಕೊಂಡದ್ದು ಎಂದರೆ ಟೀಚರ್ ನಂಬಲೇ ಇಲ್ಲ.

ಅವರ ಗಾಬರಿ ಸುಮ್ಮನೆ ಬಂದದ್ದಲ್ಲ. 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳ 5ನೇ ನಿಯಮದ ಪ್ರಕಾರ ನೌಕರನ ಮೈಮೇಲೆ, ವಾಹನದ ಮೇಲೆ ಅಥವಾ ಮನೆಯ ಮೇಲೆ ಚುನಾವಣಾ ಚಿಹ್ನೆ ಕಂಡರೆ ಸಾಕು, ಚುನಾವಣೆಯಲ್ಲಿ ಪ್ರಭಾವ ಬಳಸಿದಂತೆಯೇ ಲೆಕ್ಕ. ಮತ ಹಾಕಬಹುದು, ಯಾರಿಗೆ ಹಾಕಿದೆ, ಯಾರಿಗೆ ಹಾಕುತ್ತೇನೆ ಎಂಬ ಸುಳಿವು ಕೊಡಕೂಡದು. 9ನೇ ನಿಯಮ ಸರ್ಕಾರದ ನೀತಿಯನ್ನು ಸಾರ್ವಜನಿಕವಾಗಿ ಟೀಕಿಸುವುದನ್ನು ತಡೆಯುತ್ತದೆ. ಕಾವ್ಯನಾಮದಲ್ಲಿ ಬರೆದರೂ, ಹೆಸರೇ ಹಾಕದೆ ಬರೆದರೂ ಬಿಡುವುದಿಲ್ಲ. ಕರ್ನಾಟಕದ ನಿಯಮಗಳೂ ಹೆಚ್ಚುಕಡಿಮೆ ಇದೇ ಅಚ್ಚಿನವು. ಮೇಷ್ಟ್ರುಗಳೇ ಇಷ್ಟೊಂದು ಬರೆದ ಭಾಷೆಯಲ್ಲಿ ಇದು ಎಷ್ಟು ಬರಹಗಳನ್ನು ಹುಟ್ಟುವ ಮೊದಲೇ ತಡೆದಿರಬಹುದು ಎಂದು ನೆನೆದರೆ ಸಂಕಟವಾಗುತ್ತದೆ.

ಹಾಗೆಂದು ಇಲ್ಲಿ ಫಲಕಕ್ಕೆ ಬೆಲೆ ತೆತ್ತವರೇ ಇಲ್ಲವೆಂದಲ್ಲ. ಇದೇ ರಾಜ್ಯದ ಪ್ಯಾಟರ್ಸನ್ ಊರಿನಲ್ಲಿ 2006ರಲ್ಲಿ ಹೆಫರ್ನನ್ ಎಂಬ ಪೊಲೀಸ್ ಡಿಟೆಕ್ಟಿವ್, ಹಾಸಿಗೆ ಹಿಡಿದಿದ್ದ ತಾಯಿಗಾಗಿ ಮೇಯರ್ ವಿರುದ್ಧದ ಅಭ್ಯರ್ಥಿಯ ಫಲಕವೊಂದನ್ನು ತರಲು ಹೋಗಿದ್ದರು. ಯಾರೋ ನೋಡಿದರು. ಮಾರನೆಯ ದಿನ ಅವರನ್ನು ಗಸ್ತಿಗೆ ಇಳಿಸಲಾಯಿತು. ಅಮೆರಿಕದ ಸುಪ್ರೀಂ ಕೋರ್ಟ್ 6–2ರಲ್ಲಿ ಅವರ ಪರ ತೀರ್ಪು ಕೊಟ್ಟಿತು: ಅವರು ಪ್ರಚಾರ ಮಾಡುತ್ತಿದ್ದಾರೆಂದು ಮೇಲಧಿಕಾರಿಗಳು ತಪ್ಪು ತಿಳಿದಿದ್ದರೂ, ಶಿಕ್ಷೆ ಕೊಟ್ಟ ಉದ್ದೇಶವೇ ಮುಖ್ಯ. ಆ ತೀರ್ಪು ಬಂದದ್ದು 2016ರಲ್ಲಿ, ಅಂದರೆ ಹತ್ತು ವರ್ಷ ಕಳೆದ ಮೇಲೆ.

ಸರ್ಕಾರಿ ನೌಕರರ ಮಾತಿನ ವಿಚಾರದಲ್ಲಿ ಇಲ್ಲಿನ ನ್ಯಾಯದ ಬುಡ 1968ರ ಪಿಕರಿಂಗ್ ಮೊಕದ್ದಮೆ. ಇಲಿನಾಯ್‌ನ ಸರ್ಕಾರಿ ಹೈಸ್ಕೂಲ್ ಶಿಕ್ಷಕರೊಬ್ಬರು ಶಾಲಾ ಮಂಡಳಿ ಪಾಠಕ್ಕಿಂತ ಕ್ರೀಡೆಗೆ ಹಣ ಸುರಿಯುತ್ತಿದೆ ಎಂದು ಸ್ಥಳೀಯ ಪತ್ರಿಕೆಗೆ ಬರೆದು ಕೆಲಸ ಕಳೆದುಕೊಂಡಿದ್ದರು. ಪತ್ರದಲ್ಲಿ ಕೆಲವು ಅಂಕಿಅಂಶ ತಪ್ಪಿದ್ದವು. ಆದರೂ ಸುಳ್ಳೆಂದು ಗೊತ್ತಿದ್ದೇ ಬರೆದದ್ದಲ್ಲ, ಸತ್ಯದ ಗೊಡವೆಯೇ ಇಲ್ಲದೆ ಬರೆದದ್ದೂ ಅಲ್ಲ ಎಂದು ಕೋರ್ಟ್ ಅವರನ್ನು ಕಾಪಾಡಿತು. ಈಗ ಕೋರ್ಟ್‌ಗಳು ಕೇಳುವ ಪ್ರಶ್ನೆಗಳಿಗೊಂದು ಕ್ರಮವಿದೆ. ಮಾತಾಡಿದ್ದು ನಾಗರಿಕರಾಗಿಯೋ, ನೌಕರಿಯ ಭಾಗವಾಗಿಯೋ? ವಿಷಯ ಊರಿನದೋ, ಸ್ವಂತ ಬಡ್ತಿ-ರಜೆಯ ದೂರೋ? ಅದರಿಂದ ಕಚೇರಿಯ ಕೆಲಸ ನಿಜಕ್ಕೂ ಕೆಟ್ಟಿತೋ? ಶಿಕ್ಷೆಗೆ ಆ ಮಾತೇ ಕಾರಣವೋ, ಮಾತಾಡದಿದ್ದರೂ ಆಗುತ್ತಿತ್ತೋ?

ಬಹಳಷ್ಟು ಜನ ಎಡವುವುದು ಮೊದಲ ಪ್ರಶ್ನೆಯಲ್ಲೇ. ಲಾಸ್ ಏಂಜಲೀಸ್ ಕೌಂಟಿಯ ಸರ್ಕಾರಿ ವಕೀಲ ಸೆಬಾಯೋಸ್, ಶೋಧನಾ ವಾರಂಟಿಗಾಗಿ ಸಲ್ಲಿಸಿದ ಪ್ರಮಾಣಪತ್ರದಲ್ಲಿ ಸುಳ್ಳಿದೆ ಎಂದು ಮೇಲಧಿಕಾರಿಗೆ ಟಿಪ್ಪಣಿ ಬರೆದರು. ಅದಕ್ಕಾಗಿ ತನ್ನನ್ನು ಹಿಂಸಿಸಿದರೆಂದು ಮೊಕದ್ದಮೆ ಹೂಡಿದರು. 2006ರಲ್ಲಿ ಸುಪ್ರೀಂ ಕೋರ್ಟ್ 5–4ರಲ್ಲಿ ಹೇಳಿತು: ಟಿಪ್ಪಣಿ ಬರೆಯುವುದು ನಿಮ್ಮ ಕೆಲಸವೇ ಆಗಿತ್ತು, ಅಲ್ಲಿ ನೀವು ನಾಗರಿಕರಲ್ಲ, ಹಾಗಾಗಿ ವಾಕ್ ಸ್ವಾತಂತ್ರ್ಯದ ರಕ್ಷಣೆ ಇಲ್ಲ.

ನಮ್ಮ 9ನೇ ನಿಯಮ ಇದಕ್ಕೆ ನೇರ ತದ್ವಿರುದ್ಧ. ಕರ್ತವ್ಯದ ಭಾಗವಾಗಿ ಹೇಳಿದ ಮಾತಿಗೆ ಅಲ್ಲಿ ಸ್ಪಷ್ಟ ವಿನಾಯಿತಿ ಇದೆ. ನಿಷೇಧವೆಲ್ಲ ಹೊರಗೆ ಆಡುವ ಮಾತಿಗೆ. ಅಮೆರಿಕದ ನೌಕರನಿಗೆ ಬಾಯಿ ಇರುವುದು ಕಚೇರಿಯ ಹೊರಗೆ, ನಮ್ಮವನಿಗೆ ಕಡತದ ಒಳಗೆ. ಆದರೆ ಕಡತದಲ್ಲಿ ಖಡಕ್ಕಾಗಿ ಬರೆದ ಗುಮಾಸ್ತನಿಗೆ ಬರುವುದು ನೋಟಿಸ್ ಅಲ್ಲ, ವರ್ಗಾವಣೆ. ಸಂವಿಧಾನದ 311ನೇ ವಿಧಿ ವಜಾ ಮತ್ತು ಹಿಂಬಡ್ತಿಯಿಂದ ಕಾಪಾಡುತ್ತದೆ. ವರ್ಗಾವಣೆ ಆ ಪಟ್ಟಿಯಲ್ಲೇ ಇಲ್ಲ. ಸರ್ಕಾರಿ ನೌಕರನಾದ ಮಾತ್ರಕ್ಕೆ ಮೂಲಭೂತ ಹಕ್ಕು ಹೋಗುವುದಿಲ್ಲ ಎಂದು ನಮ್ಮ ಸುಪ್ರೀಂ ಕೋರ್ಟ್ 1962ರಲ್ಲೇ ಕಾಮೇಶ್ವರ ಪ್ರಸಾದ್ ಮೊಕದ್ದಮೆಯಲ್ಲಿ ಹೇಳಿತ್ತು. ಫೇಸ್‌ಬುಕ್ ಪೋಸ್ಟಿನ ವಿಚಾರದಲ್ಲಿ ತ್ರಿಪುರಾ ಹೈಕೋರ್ಟ್ ಅದನ್ನೇ 2020ರಲ್ಲಿ ಮತ್ತೆ ಹೇಳಬೇಕಾಯಿತು.

ಇಲ್ಲಿನ ಸರ್ಕಾರಿ ಶಾಲೆ, ರಾಜ್ಯ ವಿಶ್ವವಿದ್ಯಾಲಯ, ಕೌಂಟಿ ಕಚೇರಿಗಳಿಗೆ ಸೇರುವ ನಮ್ಮ ಮಕ್ಕಳು ಕೆಲವನ್ನು ಗಟ್ಟಿಯಾಗಿ ತಿಳಿದಿರಬೇಕು. ಸಾರ್ವಜನಿಕ ಸಭೆಯಲ್ಲಿ ಮಾತಾಡುವಾಗ ಹುದ್ದೆ ಹೇಳದೆ ನಿವಾಸಿ ಎಂದಷ್ಟೇ ಪರಿಚಯಿಸಿಕೊಳ್ಳಿ. ಸ್ವಂತ ಸಮಯ, ಸ್ವಂತ ಫೋನು, ಸ್ವಂತ ಇಮೇಲ್ ಬಳಸಿ. ಒಕ್ಕೂಟ ಸರ್ಕಾರದ ನೌಕರರಿಗೆ 1939ರ ಹ್ಯಾಚ್ ಕಾಯ್ದೆಯೂ ಇದೆ: ಅಂಗಳದಲ್ಲಿ ಫಲಕ ನೆಡಬಹುದು, ಆದರೆ ಕೆಲಸದ ವೇಳೆಯಲ್ಲಿ ಪಕ್ಷದ ಪೋಸ್ಟಿಗೆ ಲೈಕ್ ಒತ್ತಿದರೂ ತಪ್ಪು, ಮನೆಯಿಂದ ಕೆಲಸ ಮಾಡುತ್ತಿದ್ದರೂ. ಚುನಾವಣೆಗೆ ದೇಣಿಗೆಯನ್ನಂತೂ ಬಿಡುವಿನಲ್ಲೂ ಕೇಳಕೂಡದು. ಕಚೇರಿಯೊಳಗಿನ ಅಕ್ರಮವಾದರೆ ಸಂವಿಧಾನವನ್ನು ನಂಬಿ ಕೂರಬೇಡಿ. ನ್ಯೂಜೆರ್ಸಿಯಲ್ಲಿ ಅದಕ್ಕೆಂದೇ 1986ರ ಕಾಯ್ದೆಯಿದೆ. ಹೊರಗಿನ ಸರ್ಕಾರಿ ಸಂಸ್ಥೆಗೆ ದೂರು ಕೊಡುವ ಮೊದಲು ಸಾಮಾನ್ಯವಾಗಿ ಮೇಲಧಿಕಾರಿಗೆ ಬರಹದಲ್ಲಿ ತಿಳಿಸಿ, ಸರಿಪಡಿಸಲು ಅವಕಾಶ ಕೊಟ್ಟಿರಬೇಕು. ಸೇಡು ತೀರಿಸಿಕೊಂಡರೆ ಒಂದು ವರ್ಷದೊಳಗೆ ಕೋರ್ಟಿಗೆ ಹೋಗಬೇಕು. ತಡಮಾಡಿದರೆ ಎಷ್ಟೇ ಸತ್ಯವಿದ್ದರೂ ಬಾಗಿಲು ಮುಚ್ಚುತ್ತದೆ.

ಇದನ್ನೆಲ್ಲ ಕೇಳಿಸಿಕೊಂಡ ಟೀಚರ್ ಆ ಫಲಕವನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಮೆಲ್ಲಗೆ ಅಂದರು: "ಮೂವತ್ತೆರಡು ವರ್ಷ ಸರ್ವೀಸು. ನಾನು ಯಾರಿಗೆ ವೋಟು ಹಾಕ್ತಿದ್ದೆ ಅಂತ ನಮ್ಮನೆಯವರಿಗೂ ಗೊತ್ತಿಲ್ಲ."