ಮೊದಲು ಏನು ಹಾಕಿಸಲಿ?

ಬೆಂಗಳೂರು ಹನುಮಂತನಗರದ ನಮ್ಮ ಮನೆ ಮುಂದೆ 2004ರ ಮಾರುತಿ ಜಿಪ್ಸಿ ಕಿಂಗ್ ಜೀಪೊಂದು ನಿಂತಿರುತ್ತೆ. ಭಾನುವಾರ ಬೆಳಗ್ಗೆಯಾದರೆ ಅದರಡಿಯಿಂದ ನನ್ನ ಎರಡು ಕಾಲು ಚಾಚಿರುತ್ತವೆ. ಹಾಲು ತರಲು ಹೊರಟವರು, ವಾಕಿಂಗ್ ಮುಗಿಸಿ ಬಂದವರು ಆ ಕಾಲುಗಳನ್ನೇ ಮಾತಾಡಿಸಿ ಮುಂದೆ ಹೋಗುತ್ತಾರೆ. ಹೊಸದಾಗಿ ಹಳೇ ಜಿಪ್ಸಿ ಕೊಂಡವರು ಮಾತ್ರ ಹೋಗುವುದಿಲ್ಲ, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಕೇಳುತ್ತಾರೆ: "ಮೊದಲು ಏನು ಹಾಕಿಸಲಿ ಸಾರ್? ದೊಡ್ಡ ಟೈರಾ, ಗಾಡಿ ಎತ್ತರ ಮಾಡೋ ಲಿಫ್ಟಾ, ಎಲ್‌ಇಡಿ ಬಾರಾ?"

ಏನೂ ಹಾಕಿಸಬೇಡಿ ಅಂದರೆ ಮುಖ ಸಣ್ಣಗಾಗುತ್ತೆ. ಆದ್ದರಿಂದ ಜಾಕ್ ಸ್ಟ್ಯಾಂಡ್, ಅಂದರೆ ಎತ್ತಿದ ಗಾಡಿಯನ್ನು ಹೊತ್ತು ನಿಲ್ಲುವ ಉಕ್ಕಿನ ಕಾಲು, ತಗೊಳ್ಳಿ ಅನ್ನುತ್ತೇನೆ. ಒಂದು ಜೊತೆ. ಗಾಡಿ ಜೊತೆ ಬಂದ ಜಾಕ್ ಟೈರ್ ಬದಲಾಯಿಸಲಿಕ್ಕೆ ಮಾತ್ರ. ಅದೊಂದನ್ನೇ ನಂಬಿ ಅಡಿಗೆ ತೂರುವವರ ಜೊತೆ ನಾನು ಮುಂದಿನ ಮಾತೇ ಆಡುವುದಿಲ್ಲ.

ಹಾಗಂತ ನಾನೂ ಶುರುವಿನಲ್ಲಿ ಹಾಕಿಸುವುದರಿಂದಲೇ ಕೆಟ್ಟವನು. ಗಾಡಿ ಬಂದ ಎರಡನೇ ವಾರ ಮೈಸೂರು ರಸ್ತೆಯ ಫ್ಲೈಓವರ್ ಮೇಲೆ ಅರವತ್ತರ ಆಸುಪಾಸಿನಲ್ಲಿ ಹೋಗುತ್ತಿದ್ದೆ. ಒಂದು ಜಾಯಿಂಟ್ ಮೇಲೆ ಚಕ್ರ ಕುಪ್ಪಳಿಸಿದ್ದೇ ತಡ, ಸ್ಟೀರಿಂಗ್ ದೆವ್ವ ಹಿಡಿದ ಹಾಗೆ ಎಡಕ್ಕೂ ಬಲಕ್ಕೂ ಒದರತೊಡಗಿತು. ಡ್ಯಾಶ್‌ಬೋರ್ಡ್, ಕನ್ನಡಿ, ನನ್ನ ಹಲ್ಲು, ಎಲ್ಲವೂ ನಡುಗುತ್ತಿದ್ದವು. ವೇಗ ಮೂವತ್ತಕ್ಕೆ ಇಳಿದ ಮೇಲೆ ತಾನಾಗಿ ನಿಂತಿತು. ಜಿಪ್ಸಿಯವರು ಇದಕ್ಕೆ ವಾಬಲ್ ಅನ್ನುತ್ತಾರೆ. ಗೆಳೆಯರೊಬ್ಬರು ದಪ್ಪ ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗ್‌ನ ಅದುರು ತಡೆಯುವ ಶಾಕ್ ಅಬ್ಸಾರ್ಬರ್) ಹಾಕು ಅಂದರು. ಜೆ.ಸಿ. ರೋಡಿಗೆ ಹೋಗಿ ತಂದು ಹಾಕಿದೆ. ಮ್ಯಾಜಿಕ್! ಮೂರು ತಿಂಗಳು ನಡುಕವಿಲ್ಲ. ನಾಲ್ಕನೇ ತಿಂಗಳು ಅದೇ ಫ್ಲೈಓವರ್ ಮೇಲೆ ದೆವ್ವ ವಾಪಸ್ ಬಂತು, ಈ ಸಲ ಇನ್ನೂ ಜೋರಾಗಿ. ಡ್ಯಾಂಪರ್ ನಡುಕವನ್ನು ಅದುಮಿ ಹಿಡಿದಿತ್ತು, ಅಷ್ಟೇ. ಕಾರಣ ಒಳಗೆ ತನ್ನ ಪಾಡಿಗೆ ಸವೆಯುತ್ತಲೇ ಇತ್ತು.

ಜಿಪ್ಸಿಯ ಮುಂದಿನ ಆಕ್ಸಲ್ ಒಂದೇ ಗಟ್ಟಿ ದಂಡ, ಕೂರುವುದು ಲೀಫ್ ಸ್ಪ್ರಿಂಗ್ ಮೇಲೆ. 1985ರಲ್ಲಿ 970 ಸಿಸಿ ಎಂಜಿನ್ ಇಟ್ಟುಕೊಂಡು ಬಂದ ದಿನದಿಂದ ತಯಾರಿ ನಿಲ್ಲುವವರೆಗೂ ಇದು ಬದಲಾಗಲೇ ಇಲ್ಲ. ಆ ದಂಡದ ತುದಿಯಲ್ಲಿ ಚಕ್ರ ಎಡಕ್ಕೂ ಬಲಕ್ಕೂ ತಿರುಗುವುದು ಕಿಂಗ್‌ಪಿನ್ ಮೇಲೆ: ಮೇಲೊಂದು, ಕೆಳಗೊಂದು ಟೇಪರ್ ಬೇರಿಂಗ್. ಅವು ಸವೆದು ಬಿಗಿ ಹೋದರೆ ಚಕ್ರವನ್ನು ಹಿಡಿದಿಡುವವರೇ ಇಲ್ಲ. ಒಂದು ಚಕ್ರ ಅಲುಗಿದರೆ ಎರಡನ್ನೂ ಜೋಡಿಸುವ ಟೈ ರಾಡ್ ಮೂಲಕ ಆ ನಡುಕ ಇನ್ನೊಂದಕ್ಕೂ ಹೋಗುತ್ತೆ, ಅಲ್ಲಿಂದ ತಿರುಗಿ ಇದಕ್ಕೇ ಬರುತ್ತೆ.

ಇದನ್ನು ಪತ್ತೆ ಮಾಡಲು ಗ್ಯಾರೇಜ್ ಬೇಕಿಲ್ಲ. ಮುಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಟೈರನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲುಗಾಡಿಸಿ. ಟಕ್ ಟಕ್ ಅಂದರೆ ಮನೆಯವರನ್ನು ಕರೆದು ಬ್ರೇಕ್ ತುಳಿಯಲು ಹೇಳಿ, ಮತ್ತೆ ಅಲುಗಾಡಿಸಿ. ಟಕ್ ಟಕ್ ನಿಂತರೆ ವೀಲ್ ಬೇರಿಂಗ್ ಸಡಿಲ. ಬ್ರೇಕ್ ತುಳಿದಾಗಲೂ ಇದ್ದರೆ ಕಿಂಗ್‌ಪಿನ್. ಆಮೇಲೆ ಕೈ ಎಡಬಲ ಇಟ್ಟು ಅಲುಗಿಸಿ, ಆಗ ಟೈ ರಾಡ್ ಎಂಡ್‌ಗಳ ಬಣ್ಣ ಬಯಲಾಗುತ್ತೆ. ನಮ್ಮ ಗಾಡಿಯಲ್ಲಿ ಬ್ರೇಕ್ ತುಳಿದವಳು ನನ್ನ ಮಗಳು. "ಅಪ್ಪ, ಸದ್ದು ಹಾಗೇ ಇದೆ" ಅಂದಳು. ಒಂದು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಸರಿಯಾದ ಡಯಾಗ್ನೋಸಿಸ್ ಅದು.

ಬೇರಿಂಗ್ ಒಂದೊಂದು ಕಡೆ ಎರಡು, ಒಟ್ಟು ನಾಲ್ಕು. ಹಬ್, ಸ್ಪಿಂಡಲ್ ಎಲ್ಲ ಕಳಚಿ ನಕಲ್ (ಕಿಂಗ್‌ಪಿನ್ ಮೇಲೆ ತಿರುಗುವ, ಚಕ್ರ ಹೊರುವ ಭಾಗ) ಆಚೆ ತೆಗೆದಾಗ ಒಳಗಿನ ಗ್ರೀಸ್ ಹಳೇ ರಾಗಿ ಅಂಬಲಿಯ ಹಾಗಿತ್ತು. ಕೆಳಗಿನ ಬೇರಿಂಗ್‌ನ ರೋಲರ್‌ಗಳು ತುಕ್ಕು ಹಿಡಿದು, ಕೂತ ಕಡೆಯೇ ಗುಳಿ ಮಾಡಿಕೊಂಡಿದ್ದವು. ಹಳೇ ರೇಸ್‌ಗಳನ್ನು, ಅಂದರೆ ರೋಲರ್ ಉರುಳುವ ಹೊರಬಳೆಗಳನ್ನು, ಹಿತ್ತಾಳೆ ಕಂಬಿ ಇಟ್ಟು ಸುತ್ತಲೂ ಸಮನಾಗಿ ತಟ್ಟಿ ಇಳಿಸಬೇಕು. ಹೊಸವನ್ನು ಹಿಂದಿನ ರಾತ್ರಿ ಫ್ರೀಜರ್‌ನಲ್ಲಿಟ್ಟರೆ ಕೂದಲೆಳೆಯಷ್ಟು ಕುಗ್ಗಿ ಸಲೀಸಾಗಿ ಕೂರುತ್ತವೆ. ನಾನು ಹಿತಕಿದ ಅವರೆಬೇಳೆ ಪ್ಯಾಕೆಟ್ ಪಕ್ಕ ಇಟ್ಟಿದ್ದೆ. ಅದರ ಬಗ್ಗೆ ಮನೆಯಲ್ಲಿ ನಡೆದ ಮಾತುಕತೆ ಇಲ್ಲಿ ಬೇಡ.

ಎಲ್ಲರೂ ಎಡವುವುದು ಕೊನೆಯ ಹೆಜ್ಜೆಯಲ್ಲಿ. ಕಿಂಗ್‌ಪಿನ್ ಅಡಿಯ ಶಿಮ್‌ಗಳು, ಅಂದರೆ ತೆಳ್ಳನೆಯ ತಗಡಿನ ಬಿಲ್ಲೆಗಳು, ಬೇರಿಂಗ್ ಎಷ್ಟು ಬಿಗಿ ಇರಬೇಕು ಅನ್ನುವುದನ್ನು ತೀರ್ಮಾನಿಸುತ್ತವೆ. ಬಿಲ್ಲೆ ತೆಗೆದರೆ ಬಿಗಿ, ಸೇರಿಸಿದರೆ ಸಡಿಲ. ಅದನ್ನು ಅಂದಾಜಿನಲ್ಲಿ ಮಾಡಬೇಡಿ. ಆಯಿಲ್ ಸೀಲ್ ಹಾಕುವ ಮುಂಚೆ, ಟೈ ರಾಡ್ ಸೇರುವ ತೂತಿಗೆ ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಸಿಕ್ಕಿಸಿ ಎಳೆಯಿರಿ. ನಕಲ್ ತಿರುಗಲು ಶುರುವಾದಾಗ ಮುಳ್ಳು 1ರಿಂದ 1.8 ಕೆ.ಜಿ. ನಡುವೆ ಇರಬೇಕು. ಆ ತಕ್ಕಡಿಗೆ ಕೊಟ್ಟ ದುಡ್ಡು ಡ್ಯಾಂಪರಿಗೆ ಸುರಿದದ್ದರ ಮುಂದೆ ಏನೂ ಅಲ್ಲ. ಎರಡು ಭಾನುವಾರ ಹಿಡಿಯಿತು. ಅದಾದ ಮೇಲೆ ಹಳೇ ತೆಳ್ಳನೆಯ ಡ್ಯಾಂಪರನ್ನೇ ವಾಪಸ್ ಹಾಕಿ ನೈಸ್ ರೋಡಿನಲ್ಲಿ ಎಂಬತ್ತು ಮುಟ್ಟಿದೆ. ಸ್ಟೀರಿಂಗ್ ಮೇಲೆ ಎರಡೇ ಬೆರಳು.

ದೊಡ್ಡ ಟೈರಿನ ಲೆಕ್ಕ ಆಮೇಲೆ ಮಾಡಿದೆ. ಕಿಂಗ್‌ಗೆ ಕಂಪನಿ ಕೊಟ್ಟದ್ದು 205/70 ಆರ್15, ಸುಮಾರು 668 ಮಿ.ಮೀ. ಎತ್ತರ. ಎಲ್ಲರ ಆಸೆ 235/75 ಆರ್15, ಅದು 733. ಹತ್ತಿರಹತ್ತಿರ ಶೇ. 10 ಜಾಸ್ತಿ. ಮೀಟರ್ 73 ತೋರಿಸುವಾಗ ನೀವು 80ರಲ್ಲಿರುತ್ತೀರಿ. 1.3 ಲೀಟರ್ ಎಂಜಿನ್‌ಗೆ ಪ್ರತಿ ಗೇರೂ ಅಷ್ಟೇ ಭಾರ, ಬ್ರೇಕಿಗೂ ಅಷ್ಟೇ ಹೊರೆ. ಹನುಮಂತನಗರದ ಇಳಿಜಾರುಗಳನ್ನು ನೋಡಿದವರಿಗೆ ಬ್ರೇಕಿನ ವಿಷಯ ಬಿಡಿಸಿ ಹೇಳಬೇಕಿಲ್ಲ. ನಾನು ಕಂಪನಿ ಸೈಜಿನಲ್ಲೇ ಇದ್ದೇನೆ. ಸ್ಟೈಲ್ ಇಲ್ಲ ಅನ್ನುತ್ತಾರೆ, ಅನ್ನಲಿ.

ಲೈಟಿನ ವಿಷಯದಲ್ಲಿ ಮಾತ್ರ ಒಂದು ಹಾಕಿಸುವುದನ್ನು ಒಪ್ಪುತ್ತೇನೆ. ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್. ಹಳೇ ವೈರು, ಸವೆದ ಸ್ವಿಚ್ ದಾಟಿ ಬರುವಷ್ಟರಲ್ಲಿ ಕರೆಂಟು ಸುಸ್ತಾಗಿರುತ್ತೆ. ಎಂಜಿನ್ ಓಡುವಾಗ ನನ್ನ ಬ್ಯಾಟರಿಯಲ್ಲಿ 13.8 ವೋಲ್ಟ್, ಬಲ್ಬಿನ ಹಿಂದೆ 11.9. ಹ್ಯಾಲೊಜನ್ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ಬೇಗ ಬೀಳುತ್ತೆ. ಇಷ್ಟು ಕಡಿತಕ್ಕೆ ಸುಮಾರು ಶೇ. 40ರಷ್ಟು ಬೆಳಕು ಮಾಯ. ಎಸ್.ಪಿ. ರೋಡಿನಿಂದ ಎರಡು ರಿಲೇ, ಒಂದು ಫ್ಯೂಸ್, ದಪ್ಪ ವೈರು ತಂದು ಬ್ಯಾಟರಿಯಿಂದ ನೇರ ಎಳೆದೆ. ಹಳೇ ಸ್ವಿಚ್‌ಗೆ ಈಗ ರಿಲೇ ಎಬ್ಬಿಸುವ ಕೆಲಸ ಮಾತ್ರ. ಬಲ್ಬು ಅವೇ, ಬೆಳಕು ಬೇರೆ. ಅರ್ತ್ ವೈರಿನ ತುದಿಯನ್ನು ಲೋಹ ಕಾಣುವಷ್ಟು ಉಜ್ಜಿ ಕೂರಿಸುವುದನ್ನು ಮರೆಯಬೇಡಿ, ಅರ್ಧ ಕಾಯಿಲೆ ಅಲ್ಲೇ ಇರುತ್ತೆ.

ನೀರಿಗಿಳಿಯುವವರಿಗೆ ಇನ್ನೊಂದು ಮಾತು. ಬಿಸಿ ಡಿಫರೆನ್ಷಿಯಲ್ (ಆಕ್ಸಲ್ ಮೇಲಿನ ಗೇರ್ ಡಬ್ಬಿ) ಹಳ್ಳದ ನೀರಿನಲ್ಲಿ ತಣ್ಣಗಾದರೆ ಒಳಗಿನ ಗಾಳಿ ಕುಗ್ಗುತ್ತೆ, ಬ್ರೀದರ್, ಅಂದರೆ ಗಾಳಿ ಆಡುವ ತೂತು, ಕಟ್ಟಿಕೊಂಡಿದ್ದರೆ ಸೀಲ್ ಸಂದಿಯಿಂದ ನೀರು ಹೀರಿಕೊಳ್ಳುತ್ತೆ. ಡ್ರೈನ್ ಬೋಲ್ಟ್ ಬಿಚ್ಚಿದಾಗ ಫಿಲ್ಟರ್ ಕಾಫಿ ಬಣ್ಣದ ಆಯಿಲ್ ಬಂದರೆ ಅದೇ ಕಥೆ. ಬ್ರೀದರ್ ಸ್ವಚ್ಛ ಮಾಡಿ, ಒಂದು ರಬ್ಬರ್ ಪೈಪು ಸಿಕ್ಕಿಸಿ ಬಾನೆಟ್‌ವರೆಗೆ ಎತ್ತಿ ಕಟ್ಟಿ.

ತುಕ್ಕಿನ ಬಗ್ಗೆ ಹೇಳಲು ಕೂತರೆ ದೀಪಾವಳಿ ಬರುತ್ತೆ. ಮ್ಯಾಟ್ ಎತ್ತಿ ಫ್ಲೋರನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಪುಟ್ಟಿ ಮೆತ್ತಿ ಪೇಂಟ್ ಹೊಡೆದ ಗಾಡಿ ಅಲ್ಲಿ ಸಿಕ್ಕಿಬೀಳುತ್ತೆ.

ಕಾನೂನಿನದೂ ಒಂದಿದೆ. ಬಂಪರ್ ಮುಂದೆ ಉಕ್ಕಿನ ಕಂಬಿಗಳ ಬುಲ್ ಬಾರ್ ಹಾಕುವಂತಿಲ್ಲ ಎಂದು ಕೇಂದ್ರ 2017ರಲ್ಲೇ ಹೇಳಿದೆ. ಕಂಪನಿ ಕೊಟ್ಟ ರೂಪ ಬದಲಿಸಬಾರದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. 15 ವರ್ಷ ದಾಟಿದ ನನ್ನ ಗಾಡಿ 5 ವರ್ಷಕ್ಕೊಮ್ಮೆ ಆರ್‌ಟಿಒ ಇನ್ಸ್‌ಪೆಕ್ಟರ್ ಮುಂದೆ ನಿಲ್ಲಲೇಬೇಕು. ಅವತ್ತು ಬಿಚ್ಚಿ ಇಡಬೇಕಾದ್ದನ್ನು ಇವತ್ತು ಯಾಕೆ ಹಾಕಲಿ?

ಮುಂದಿನ ಭಾನುವಾರ ಹಿಂದಿನ ಎಡ ಚಕ್ರದ ಡ್ರಮ್ ಬಿಚ್ಚುತ್ತಿದ್ದೇನೆ, ಬ್ರೇಕಿನ ವೀಲ್ ಸಿಲಿಂಡರ್ ಒಸರುತ್ತಿದೆ. ಪ್ರಶ್ನೆ ಇದ್ದವರು ಏಳಕ್ಕೆ ಬನ್ನಿ. ಬರುವಾಗ ಹಳೇ ಬನಿಯನ್ ಒಂದೆರಡು ತನ್ನಿ, ನಮ್ಮ ಮನೆಯವು ಮುಗಿದಿವೆ.